ಊರುಗೋಲಿನ ತುದಿಯಲ್ಲಿ ಕ್ಯಾಮೆರಾ

ಕೆಲವು ಊರುಗೋಲುಗಳ ನೆತ್ತಿಯ ಗುಂಡನ್ನು ತಿರುಗಿಸಿ ತೆಗೆದರೆ ಒಳಗೆ ಕಾಲು ಇಂಚಿನ ತಿರುಪು ಕಾಣುತ್ತದೆ. ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳ ಬುಡದ ರಂಧ್ರಕ್ಕೂ ಅದು ಹೊಂದುವುದರಿಂದ, ಒಂದೇ ಕೋಲು ನಡಿಗೆಗೂ ಆಯಿತು, ಮೊನೊಪಾಡ್ (ಕ್ಯಾಮೆರಾಕ್ಕೆ ಆಸರೆಯಾಗುವ ಒಂಟಿ ಕಾಲು) ಕೂಡ ಆಯಿತು ಎಂದು ಕೊಳ್ಳುವವರು ಸಂತೋಷಪಡುತ್ತಾರೆ. ತಿರುಪು ಹೊಂದುವುದು ದೊಡ್ಡ ಮಾತಲ್ಲ; ತೊಡಕಿರುವುದು ಎತ್ತರದಲ್ಲಿ.

ಸಮತಟ್ಟಾದ ನೆಲದಲ್ಲಿ ನಡೆಯುವಾಗ ಕೋಲು ಹಿಡಿದ ಮೊಣಕೈ ಸುಮಾರು 90 ಡಿಗ್ರಿಯಷ್ಟು ಮಡಚಿರಬೇಕು. 165 ಸೆಂ.ಮೀ. ಎತ್ತರದವರಿಗೆ ಇದಕ್ಕೆ 110 ಸೆಂ.ಮೀ. ಆಸುಪಾಸಿನ ಉದ್ದ ಸಾಕು. ಏರುವಾಗ ತುಸು ಕಡಿಮೆ, ಇಳಿಯುವಾಗ ತುಸು ಹೆಚ್ಚು. ಅದೇ ವ್ಯಕ್ತಿ ನಿಂತು ವ್ಯೂಫೈಂಡರಿನಲ್ಲಿ (ಕ್ಯಾಮೆರಾದ ಹಿಂದೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ನೋಡಬೇಕಾದರೆ ಕ್ಯಾಮೆರಾದ ಬುಡ 145 ಸೆಂ.ಮೀ. ಎತ್ತರಕ್ಕೆ ಬರಬೇಕಾಗುತ್ತದೆ. 135ಕ್ಕೇ ನಿಂತುಬಿಡುವ ಕೋಲುಗಳು ಬಹಳ. ಉಳಿದ ಹತ್ತು ಸೆಂಟಿಮೀಟರನ್ನು ನಮ್ಮ ಬೆನ್ನು ಬಗ್ಗಿ ತುಂಬಿಕೊಡಬೇಕು. ಹಕ್ಕಿಯೊಂದು ಕೊಂಬೆಗೆ ಮರಳಲೆಂದು ಹತ್ತು ನಿಮಿಷ ಹಾಗೆ ಕಾದವರಿಗೆ ಅದರ ಬೆಲೆ ಗೊತ್ತು. ಆದ್ದರಿಂದ ಕೊಳ್ಳುವ ಮುನ್ನ ನೆಲದಿಂದ ನಿಮ್ಮ ಕಣ್ಣಿನವರೆಗೆ ಅಳೆದು, ಅದರಲ್ಲಿ ಹತ್ತು ಸೆಂ.ಮೀ. ಕಳೆದು, ಕೋಲು ಅಷ್ಟುದ್ದ ಬರುತ್ತದೆಯೇ ಎಂದು ನೋಡಿ. ಮಡಚುವ ಪರದೆಯ ಕ್ಯಾಮೆರಾ ಇದ್ದರೆ ಎದೆಯ ಮಟ್ಟದಲ್ಲೇ ಕೆಲಸ ಮುಗಿಯುತ್ತದೆ, ಆದರೆ ನೆತ್ತಿಯ ಬಿಸಿಲಿನಲ್ಲಿ ಆ ಪರದೆ ಏನನ್ನೂ ತೋರಿಸುವುದಿಲ್ಲ.

ಭಾರ ತಡೆಯುವುದೋ ಎಂಬ ಚಿಂತೆ ಬೇಡ. ಮನುಷ್ಯನ ದೇಹ ಆತುಕೊಳ್ಳುವ ಕೋಲಿಗೆ ಎರಡು ಕಿಲೋದ ಕ್ಯಾಮೆರಾ ಲೆಕ್ಕಕ್ಕಿಲ್ಲ. ಆದರೆ ಅದು ಮುರಿಯದಿದ್ದರೂ ಅಲುಗುತ್ತದೆ. ಎಲ್ಲಕ್ಕಿಂತ ಕೆಳಗಿನ ತೆಳು ಕೊಳವೆಯನ್ನು ಪೂರ್ತಿ ಹೊರಗೆಳೆದರೆ ಉದ್ದ ಲೆನ್ಸಿನ ಕೆಳಗೆ ಅದು ಬಳುಕುತ್ತದೆ. ಮೇಲಿನ ದಪ್ಪ ಕೊಳವೆಯನ್ನು ಮೊದಲು ಎಳೆಯಿರಿ. ನಡಿಗೆಯಲ್ಲಿ ಮಣಿಕಟ್ಟಿಗೆ ಹಿತವಾಗಲೆಂದು ಒಳಗೆ ಸ್ಪ್ರಿಂಗ್ ಇಟ್ಟಿರುವ ಕೋಲಾದರೆ, ಆ ಸ್ಪ್ರಿಂಗನ್ನು ಬಂಧಿಸುವ ವ್ಯವಸ್ಥೆ ಇರಲೇಬೇಕು. ಇಲ್ಲದಿದ್ದರೆ ಶಟರ್ ಒತ್ತಿದಾಗಲೆಲ್ಲ ಕ್ಯಾಮೆರಾ ತಲೆದೂಗುತ್ತದೆ.

ಇದರಿಂದ ಸಿಗುವ ಲಾಭವೆಷ್ಟು? 200 ಮಿ.ಮೀ. ಲೆನ್ಸನ್ನು ಬರಿಗೈಯಲ್ಲಿ ಹಿಡಿದಾಗ ಶಟರ್ ವೇಗ ಸೆಕೆಂಡಿನ 1/200 ಭಾಗಕ್ಕಿಂತ ನಿಧಾನವಾಗಬಾರದು ಎಂಬುದು ಹಳೆಯ ಅಂದಾಜು. ಕೋಲಿನ ಆಸರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ವೇಗ ಅರ್ಧಕ್ಕಿಳಿಯುವುದು) ಇಳಿದು 1/50ಕ್ಕೆ ಬರಬಹುದು, ಅಭ್ಯಾಸವಾದವರು 1/25ಕ್ಕೂ ಇಳಿಯುತ್ತಾರೆ. ಇದು ನಮ್ಮ ಕೈಯ ನಡುಕಕ್ಕೆ ಮಾತ್ರ ಔಷಧ. ಎದುರಿಗೆ ನಡೆದು ಹೋಗುವವರು 1/25ರಲ್ಲಿ ಮಸುಕಾಗಿಯೇ ಬರುತ್ತಾರೆ. ಜಲಪಾತವನ್ನು ಹಾಲಿನಂತೆ ಹರಿಸುವ ಒಂದು ಸೆಕೆಂಡಿನ ಚಿತ್ರಕ್ಕೆ ಮೂರು ಕಾಲಿನ ಟ್ರೈಪಾಡೇ ಬೇಕು. ಕೋಲಿನ ಉಳಿದೆರಡು ಕಾಲುಗಳು ನಾವೇ: ಕೋಲನ್ನು ಒಂದಡಿ ಮುಂದೆ ಊರಿ, ಕಾಲುಗಳನ್ನು ಅಗಲಿಸಿ, ಮೈಯನ್ನು ತುಸು ಮುಂದಕ್ಕೆ ಒರಗಿಸಿ, ಉಸಿರು ಹೊರಬಿಡುತ್ತ ಶಟರ್ ಒತ್ತಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ. ಪ್ರವಾಸದಲ್ಲಿ ನಾನು ಆ ತಿರುಪನ್ನು ಬಳಸುವುದು ಅಪರೂಪ. ಗುಂಡು ಬಿಚ್ಚಿ, ಜೇಬಿಗಿಟ್ಟು, ಕ್ಯಾಮೆರಾ ತಿರುಗಿಸಿ ಕೂರಿಸಿ, ಉದ್ದ ಹೊಂದಿಸುವಷ್ಟರಲ್ಲಿ ಮೋಡದ ಸಂದಿಯಿಂದ ಬಿದ್ದ ಬೆಳಕು ಹೋಗಿರುತ್ತದೆ. ಕ್ಯಾಮೆರಾವನ್ನು ಸಿಕ್ಕಿಸಿಕೊಂಡೇ ನಡೆಯೋಣವೆಂದರೆ, ಕೋಲು ಕಲ್ಲಿಗೆ ತಾಗಿದ ಪ್ರತಿಯೊಂದು ಪೆಟ್ಟೂ ಅದಕ್ಕೆ ಮುಟ್ಟುತ್ತದೆ, ಜಾರಿದಾಗ ಮೊದಲು ನೆಲಕ್ಕೆ ಬೀಳುವುದೂ ಅದೇ. ಹಾಗಾಗಿ ಕ್ಯಾಮೆರಾ ಹೆಗಲಿನಲ್ಲೇ ಇರುತ್ತದೆ. ಬೇಕೆನಿಸಿದಾಗ ಕೋಲನ್ನು ಮುಂದೆ ಊರಿ, ಎಡಗೈಯಲ್ಲಿ ಅದನ್ನು ಕಣ್ಣಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಬಿಗಿಯಾಗಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿನಲ್ಲಿ ಲೆನ್ಸನ್ನು ಕೂರಿಸುತ್ತೇನೆ. ತಿರುಪಿನಷ್ಟು ಸ್ಥಿರತೆ ಇದರಲ್ಲಿಲ್ಲ, ಆದರೆ ಮೂರು ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ. ಸಂಜೆಗತ್ತಲು, ಭಾರದ ಲೆನ್ಸು, ದೀರ್ಘ ಕಾಯುವಿಕೆ ಇವು ಮೂರರಲ್ಲಿ ಒಂದಿದ್ದರೆ ಮಾತ್ರ ಗುಂಡು ಬಿಚ್ಚುತ್ತೇನೆ. ಆ ಗುಂಡಿಗೊಂದು ದಾರ ಕಟ್ಟಿ ಹಿಡಿಗೆ ಬಿಗಿದಿಡಿ. ನನ್ನ ಎರಡು ಗುಂಡುಗಳು ಹುಲ್ಲಿನಲ್ಲಿ ಕಳೆದುಹೋಗಿವೆ, ಅವುಗಳಿಲ್ಲದ ಕೋಲಿನ ತಿರುಪು ಅಂಗೈಯನ್ನು ಕೊರೆಯುತ್ತದೆ.

ಮರಳು, ಕೆಸರಿನಲ್ಲಿ ನಡೆದು ಬಂದ ರಾತ್ರಿ ಕೊಳವೆಗಳನ್ನು ಬಿಡಿಸಿ ಒರೆಸಿ, ಒಣಗಲು ಬಿಡಿ. ಕೊಳವೆಗಳನ್ನು ಬಿಗಿಹಿಡಿಯುವ ಬೀಗದ ಭಾಗಕ್ಕೆ ಎಣ್ಣೆ ಹಾಕಬೇಡಿ: ಅದು ಹಿಡಿಯುವುದೇ ಘರ್ಷಣೆಯಿಂದ, ಎಣ್ಣೆ ತಾಗಿದರೆ ಕ್ಯಾಮೆರಾದ ಭಾರಕ್ಕೇ ಕೋಲು ಮೆಲ್ಲನೆ ಕುಸಿಯುತ್ತದೆ.