ಮಂಡೇಲಾ ಎಲ್ಲರನ್ನೂ ಕ್ಷಮಿಸಿಬಿಟ್ಟರಂತೆ, ಹೌದಾ?

ಪ್ರಶ್ನೆ: ಇಪ್ಪತ್ತೇಳು ವರ್ಷ ಜೈಲಿನಲ್ಲಿದ್ದ ಮಂಡೇಲಾ ಹೊರಗೆ ಬಂದು ಬಿಳಿಯರನ್ನೆಲ್ಲ ಕ್ಷಮಿಸಿಬಿಟ್ಟರಂತೆ. ಹಾಗಾದರೆ ಕೊಂದವರು, ಹಿಂಸೆ ಕೊಟ್ಟವರು ಸುಮ್ಮನೆ ಪಾರಾದರೇ?

ಜುಲೈ 18ರ ಮಂಡೇಲಾ ದಿನ ಹತ್ತಿರ ಬಂದರೆ ಈ ಪ್ರಶ್ನೆಯೂ ಬರುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವ ನಗುಮುಖದ ಫೋಟೊ, ಕೆಳಗೆ ಕ್ಷಮೆಯ ಬಗ್ಗೆ ಎರಡು ಸಾಲು, ಎಲ್ಲ ಅದರಿಂದಲೇ. ಇನ್ನೊಮ್ಮೆ ಹೇಳುತ್ತೇನೆ, ಕೇಳಿ.

ಮಂಡೇಲಾ ತಮಗಾದ ಅನ್ಯಾಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ, ನಿಜ. 1995ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ರೂವಾರಿ ವೆರ್ವೂರ್ಡ್ ಅವರ ವಿಧವೆಯ ಮನೆಗೇ ಹೋಗಿ ಚಹಾ ಕುಡಿದು ಬಂದರು. ಆದರೆ ಬೇರೆಯವರ ಮಗನನ್ನು ಕೊಂದವನಿಗೆ ಮಂಡೇಲಾ ಮಾಫಿ ಕೊಡೋದು ಹೇಗೆ? ಅವರು ಕೊಡಲೂ ಇಲ್ಲ. ಅದಕ್ಕೆಂದೇ 1995ರಲ್ಲಿ ಸಂಸತ್ತು ಕಾಯ್ದೆ ಮಾಡಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚಿಸಿತು. ಅಧ್ಯಕ್ಷರು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ಮಾಫಿ, ಅಂದರೆ ಕೇಸು-ಶಿಕ್ಷೆಯಿಂದ ವಿನಾಯಿತಿ, ಬೇಕಾದವರು ತಾವೇ ಅರ್ಜಿ ಹಾಕಬೇಕು. ಮಾಡಿದ್ದನ್ನು ಪೂರ್ತಿ ಹೇಳಬೇಕು. ಅದು ರಾಜಕೀಯ ಉದ್ದೇಶದ ಕೃತ್ಯ ಅಂತ ತೋರಿಸಬೇಕು. ಪಶ್ಚಾತ್ತಾಪ ಪಡಬೇಕು ಅಂತ ಮಾತ್ರ ಕಾನೂನಿನಲ್ಲಿ ಇರಲಿಲ್ಲ! ಬೇಕಾಗಿದ್ದದ್ದು ಸತ್ಯ, ಕಣ್ಣೀರಲ್ಲ.

ಅರ್ಜಿ ಹಾಕಿದವರು 7,112 ಮಂದಿ. ಸಿಕ್ಕಿದ್ದು 849 ಜನರಿಗೆ. ತಿರಸ್ಕಾರವಾದವು 5,392. ಅದರಲ್ಲಿ ರಾಜಕೀಯಕ್ಕೆ ಸಂಬಂಧವೇ ಇಲ್ಲದ ಕೈದಿಗಳೂ ಬೇಕಾದಷ್ಟಿದ್ದರು ಅನ್ನಿ. ಆದರೂ ‘ಎಲ್ಲರನ್ನೂ’ ಅನ್ನೋ ಮಾತು ಎಲ್ಲಿ ಉಳಿಯಿತು?

ವರ್ಣಭೇದದ ವಿರುದ್ಧ ಹೋರಾಡಿದ ಕಪ್ಪುವರ್ಣೀಯ ನಾಯಕ ಸ್ಟೀವ್ ಬಿಕೋ ಪ್ರಕರಣ ನೋಡಿ. 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ತಲೆಗೆ ಪೆಟ್ಟಾಯಿತು. ಬೆತ್ತಲೆಯಾಗಿ, ಬೇಡಿ ಹಾಕಿ, ಲ್ಯಾಂಡ್ ರೋವರ್‌ನ ಹಿಂಬದಿಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಪ್ರಿಟೋರಿಯಾಕ್ಕೆ ಸಾಗಿಸಿದರು. ಸೆಪ್ಟೆಂಬರ್ 12ರಂದು ಸತ್ತರು. ಇಪ್ಪತ್ತು ವರ್ಷದ ಮೇಲೆ ಆ ಪೊಲೀಸರು ಆಯೋಗದ ಮುಂದೆ ಬಂದರೂ ಅದೇ ಹಳೇ ಕಥೆ: ತಳ್ಳಾಟದಲ್ಲಿ ತಲೆ ಗೋಡೆಗೆ ಬಡಿಯಿತು, ಆಕಸ್ಮಿಕ. ಆಕಸ್ಮಿಕ ಅಂದಮೇಲೆ ರಾಜಕೀಯ ಉದ್ದೇಶ ಎಲ್ಲಿಂದ ಬಂತು? 1999ರಲ್ಲಿ ಅರ್ಜಿ ವಜಾ. ಇತ್ತ ಬಿಕೋ ಕುಟುಂಬ ಈ ಮಾಫಿ ಕಾಯ್ದೆಯೇ ಬೇಡ, ನಮಗೆ ನ್ಯಾಯ ಬೇಕು ಅಂತ ಸಂವಿಧಾನ ನ್ಯಾಯಾಲಯಕ್ಕೆ ಹೋಗಿ 1996ರಲ್ಲಿ ಸೋತಿತ್ತು. ಇವರನ್ನು ಕೇಳಿ ಯಾರು ಕ್ಷಮಿಸಿದರು, ಹೇಳಿ?

ಹಾಗಂತ ಮಾಫಿ ಸಿಗದವರೆಲ್ಲ ಜೈಲಿಗೆ ಹೋದರಾ? ಇಲ್ಲ. ಆಯೋಗ ಸುಮಾರು 300 ಪ್ರಕರಣಗಳನ್ನು ಸರ್ಕಾರಿ ವಕೀಲರಿಗೆ ಒಪ್ಪಿಸಿತು. ಬೆರಳೆಣಿಕೆಯಷ್ಟು ಮಾತ್ರ ಕೋರ್ಟಿಗೆ ಬಂದವು. ಅವನ್ನು ಯಾರು ತಡೆದರು ಅಂತ ತಿಳಿಯಲು 2025ರಲ್ಲಿ ಇನ್ನೊಂದು ತನಿಖಾ ಆಯೋಗವೇ ಬೇಕಾಯಿತು. ಪಾರಾದವರು ಪಾರಾದದ್ದು ಕ್ಷಮೆಯಿಂದಲ್ಲ, ಹೀಗೆ.

ಇನ್ನೊಂದು ವಿಷಯ ಫೋಟೊ ಕಳಿಸುವವರು ಹೇಳುವುದೇ ಇಲ್ಲ. ಟುಟು ಆಯೋಗ ಮಂಡೇಲಾ ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) ಮಾಡಿದ ತಪ್ಪುಗಳನ್ನೂ ಬರೆಯಿತು. 1998ರಲ್ಲಿ ವರದಿ ತಡೆಯಲು ಎಎನ್‌ಸಿ ಕೋರ್ಟಿಗೇ ಹೋಯಿತು, ಸೋತಿತು. ಆಗ ರಾಷ್ಟ್ರಾಧ್ಯಕ್ಷರಾಗಿದ್ದ ಮಂಡೇಲಾ ವರದಿಯನ್ನು ಸ್ವೀಕರಿಸಿದರು. ನನ್ನ ಲೆಕ್ಕದಲ್ಲಿ ಚಹಾ ಕುಡಿದದ್ದಕ್ಕಿಂತ ಇದು ದೊಡ್ಡದು.

ಅಂದಹಾಗೆ, ಸಾಮರಸ್ಯಕ್ಕೆ ಅಲ್ಲಿ ಬೇರೆಯೇ ರಜೆ ಇದೆ, ಡಿಸೆಂಬರ್ 16. ಯಾಕೆ ಆ ದಿನ? 1838ರಲ್ಲಿ ಅವತ್ತು ಬಿಳಿ ವಲಸಿಗರು ಜುಲು ಸೈನ್ಯವನ್ನು ಸೋಲಿಸಿದ್ದರು, ಆ ವಲಸಿಗರ ವಂಶದ ಬಿಳಿಯರಾದ ಆಫ್ರಿಕಾನರ್‌ಗಳಿಗೆ ಅದು ಪವಿತ್ರ ದಿನ. 1961ರಲ್ಲಿ ಮಂಡೇಲಾ ಅವರ ಸಶಸ್ತ್ರ ಪಡೆ ಬಾಂಬ್ ದಾಳಿ ಶುರುಮಾಡಲು ಬೇಕೆಂದೇ ಅದೇ ದಿನ ಆರಿಸಿಕೊಂಡಿತು. (ಹೌದು, ಸಶಸ್ತ್ರ ಪಡೆ. ‘ಆಫ್ರಿಕಾದ ಗಾಂಧಿ’ ಅನ್ನುವವರು ಗಮನಿಸಿ.) ಹೊಸ ಸರ್ಕಾರ ರಜೆಯನ್ನು ತೆಗೆಯಲಿಲ್ಲ, ಹೆಸರು ಬದಲಿಸಿತು. ಟುಟು ಆಯೋಗ ಮೊದಲ ಸಲ ಸಭೆ ಸೇರಿದ್ದೂ 1995ರ ಆ ರಜೆಯ ದಿನವೇ.