ಪಂಜರದ ದೊಡ್ಡ ಕಾಳಾಂಜಿಯನ್ನೇ ತಳಿಗೆ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ಶಿರಿಯ ಹೊಳೆಯಲ್ಲಿ ಪಂಜರ ಹಾಕಿ ಕಾಳಾಂಜಿ ಮೀನು (ಸೀಬಾಸ್) ಸಾಕುತ್ತಿದ್ದೇವೆ. ಒಂದೇ ದಿನ ಬಿಟ್ಟ ಮರಿ, ಒಂದೇ ಫೀಡು. ಆದರೂ ಕೆಲವು ಒಂದೂವರೆ ಕೆಜಿ ಆದಾಗ ಉಳಿದವು ಮುಕ್ಕಾಲು ಕೆಜಿಯಲ್ಲೇ ಇರುತ್ತವೆ. ದೊಡ್ಡವನ್ನು ಮಾರದೆ ತಳಿಗೆ ಇಟ್ಟುಕೊಂಡರೆ ಮುಂದಿನ ಮರಿಗಳೂ ಬೇಗ ಬೆಳೆಯುತ್ತವಾ?

ಉತ್ತರ: ಬೀಜದಡಿಕೆಗೆ ತಾಯಿಮರ ಹುಡುಕುವ ಊರಿನವರು ನಾವು, ಹೀಗೆ ಅನ್ನಿಸುವುದು ಸಹಜ. ಯೋಚನೆಯೂ ಸರಿಯೇ. ಆದರೆ ಪಂಜರದಲ್ಲಿ ಇದು ನಡೆಯುವ ಕೆಲಸವಲ್ಲ.

ಆ ಮೀನು ದೊಡ್ಡದಾದದ್ದು ಯಾಕೆ ಅಂತ ಮೊದಲು ನೋಡಿ. ಕಾಳಾಂಜಿ ಮರಿ ಜೊತೆಗಿರುವ ಸಣ್ಣ ಮರಿಯನ್ನೇ ನುಂಗುವ ಜಾತಿ. ಶುರುವಿನಲ್ಲಿ ಒಂಚೂರು ಮುಂದಿದ್ದದ್ದು ಪಕ್ಕದ್ದನ್ನು ತಿಂದು ಇನ್ನಷ್ಟು ಮುಂದೆ ಹೋಗುತ್ತದೆ. ಇದರಲ್ಲಿ ಅದೃಷ್ಟದ ಪಾಲೇ ಜಾಸ್ತಿ. ಸಾಕುಮೀನಿನ ತೂಕದ ವ್ಯತ್ಯಾಸದಲ್ಲಿ ಮರಿಗೆ ಇಳಿಯುವುದು ಸಾಮಾನ್ಯವಾಗಿ ಶೇ. 20ರಿಂದ 40 ಅಷ್ಟೇ. ಸರಾಸರಿ 1 ಕೆಜಿ ಇರುವ ಗುಂಪಿನಿಂದ 1.4 ಕೆಜಿಯ ಜೋಡಿ ಆರಿಸಿದಿರಿ ಅನ್ನಿ. ಶೇ. 30 ಅಂತ ಹಿಡಿದರೆ, ಆ 400 ಗ್ರಾಂನಲ್ಲಿ ಮರಿಗಳಿಗೆ ದಕ್ಕುವುದು 120 ಗ್ರಾಂ.

ಜೋಡಿ ಅಂದೆ. ಹೆಣ್ಣು ಎಲ್ಲಿ ಸಿಗುತ್ತದೆ? ಕಾಳಾಂಜಿ ಮೊದಲು ಗಂಡಾಗಿ ಬಲಿಯುತ್ತದೆ, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ! ಒಂದೂವರೆ ಕೆಜಿ ಮೀನಿನಲ್ಲಿ ಹೆಣ್ಣು ಸಿಗುವುದು ಕಷ್ಟ. ಮೊಟ್ಟೆಗೆ ಸಮುದ್ರದಷ್ಟೇ ಉಪ್ಪುನೀರೂ ಬೇಕು. ಮಳೆಗಾಲದ ಹೊಳೆಯಲ್ಲಿ ಅದೂ ಇಲ್ಲ.

ಹಾಗಾಗಿ ಇದು ಮೊಟ್ಟೆಯಿಂದ ಮರಿ ಮಾಡಿ ಕೊಡುವ ಹ್ಯಾಚರಿಯ ಕೆಲಸ. ಅಲ್ಲೂ ಸುಲಭವಿಲ್ಲ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದಲ್ವಾ, ನಾಲ್ಕೈದು ತಾಯಿಮೀನು ಸಾಕು ಅನ್ನಿಸಿಬಿಡುತ್ತದೆ. ಅಲ್ಲೇ ಎಡವಟ್ಟು: ಒಡಹುಟ್ಟಿದವುಗಳೇ ಕೂಡಿ, ಕೆಲವು ತಲೆಮಾರಿನಲ್ಲಿ ಬೆಳವಣಿಗೆ ಕುಗ್ಗುತ್ತದೆ. ನಾರ್ವೆಯವರು 1970ರ ದಶಕದಲ್ಲಿ ಸಾಲ್ಮನ್ ತಳಿ ಶುರುಮಾಡಿದಾಗ ಸುಮಾರು 40 ನದಿಗಳಿಂದ ಮೀನು ತಂದದ್ದು ಇದಕ್ಕೇ. ಒಂದೊಂದು ತಲೆಮಾರಿಗೆ ಬೆಳವಣಿಗೆ ಶೇ. 10ಕ್ಕೂ ಹೆಚ್ಚು ಏರಿತು. ಆದರೆ ಒಂದು ತಲೆಮಾರು ಅಂದರೆ ಅಲ್ಲಿ ನಾಲ್ಕು ವರ್ಷ. ಕಾಳಾಂಜಿ ತೊಟ್ಟಿಯಲ್ಲಿ ಗುಂಪಾಗಿ ಮೊಟ್ಟೆ ಇಡುವುದರಿಂದ ಯಾವ ಮರಿ ಯಾರದ್ದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಒಡಹುಟ್ಟಿದವು ಕೂಡದಂತೆ ನೋಡಿಕೊಳ್ಳಲು ಈಜುರೆಕ್ಕೆಯ ತುದಿ ಒಂಚೂರು ಕತ್ತರಿಸಿ ಡಿಎನ್‌ಎ ನೋಡಬೇಕು.

ನೀವು ಮಾಡಬಹುದಾದದ್ದು ಇಷ್ಟು. ಮರಿ ತರುವಾಗ ತಾಯಿಮೀನು ಎಷ್ಟಿವೆ, ಎಲ್ಲಿಯವು ಅಂತ ಕೇಳಿ. ಬೆರಳುದ್ದ ಇರುವಾಗಲೇ ವಾರಕ್ಕೊಮ್ಮೆ ಸಣ್ಣ ದೊಡ್ಡ ಬೇರೆ ಮಾಡಿ. ಒಂದೂವರೆ ಕೆಜಿ ಆದವನ್ನು ಸುಮ್ನೆ ಇಟ್ಟು ಫೀಡು ದಂಡ ಮಾಡಬೇಡಿ, ರೇಟು ಇದ್ದಾಗ ಮಾರಿಬಿಡಿ.