ಓದುಗರ ಪ್ರಶ್ನೆ: ಕಷ್ಟದ ಕಥೆ ಹೇಳಿದರೆ ಅದು ವಾದ ಹೇಗಾಗುತ್ತದೆ?

ಪ್ರಶ್ನೆ: ಅಮೆರಿಕದಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದವರ ಆತ್ಮಕಥೆಗಳು ಗುಲಾಮಗಿರಿಗೆ ದೊಡ್ಡ ಪೆಟ್ಟು ಕೊಟ್ಟವು ಅಂತ ಓದಿದ್ದೇನೆ. ಆದರೆ ಅವು ಒಬ್ಬೊಬ್ಬರ ಕಷ್ಟದ ಕಥೆ ತಾನೇ? ಕಣ್ಣೀರು ತರಿಸೋದು ಬೇರೆ, ವಾದ ಮಾಡೋದು ಬೇರೆ ಅಲ್ವಾ?

ಉತ್ತರ: ಬೇರೆಯೇ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಈ ಪುಸ್ತಕಗಳಲ್ಲಿ ಗಟ್ಟಿಯಾದವು ಅಳುವುದು ಕಡಿಮೆ, ಸಾಕ್ಷಿ ಹೇಳುವುದು ಜಾಸ್ತಿ. ಯಾಕೆ ಅಂತ ತಿಳಿಯಲು ಒಂದು ಘಟನೆ ನೋಡೋಣ.

1836ರ ಸುಮಾರಿಗೆ ಬಾಲ್ಟಿಮೋರ್‌ನ ಒಂದು ಹಡಗು ಕಟ್ಟೆಯಲ್ಲಿ ಫ್ರೆಡರಿಕ್ ಎಂಬ ಗುಲಾಮ ಹುಡುಗ ಕೆಲಸಕ್ಕಿದ್ದ. ಮುಂದೆ ಫ್ರೆಡರಿಕ್ ಡಗ್ಲಸ್ ಅಂತ ಹೆಸರಾದವನು ಇವನೇ. ನಾಲ್ವರು ಬಿಳಿಯ ಹುಡುಗರು ಸೇರಿ ಇವನನ್ನು ಚಚ್ಚಿದರು. ಬೂಟುಗಾಲಿನ ಒದೆಗೆ ಕಣ್ಣುಗುಡ್ಡೆ ಒಡೆದೇ ಹೋಯಿತು ಅನ್ನುವ ಹಾಗಾಗಿತ್ತು. ಸುತ್ತ ಕಡಿಮೆಯೆಂದರೂ ಐವತ್ತು ಬಿಳಿಯ ಬಡಗಿಗಳು ನಿಂತು ನೋಡುತ್ತಿದ್ದರು. ಯಜಮಾನ ಹ್ಯೂ ಆಲ್ಡ್‌ಗೆ ಸಿಟ್ಟು ಬಂತು. ಹುಡುಗನನ್ನು ಮ್ಯಾಜಿಸ್ಟ್ರೇಟ್ ಹತ್ತಿರ ಕರೆದುಕೊಂಡು ಹೋದ. ಮ್ಯಾಜಿಸ್ಟ್ರೇಟ್ ಕೇಳಿದ್ದು ಒಂದೇ: ನೋಡಿದವರು ಯಾರು? ಯಾರಾದರೂ ಬಿಳಿಯ ಬಂದು ಸಾಕ್ಷಿ ಹೇಳದ ಹೊರತು ನಾನೇನೂ ಮಾಡುವ ಹಾಗಿಲ್ಲ. ಹೊಡೆತ ತಿಂದವನು ಊದಿದ ಮುಖ ಹೊತ್ತು ಎದುರಿಗೇ ನಿಂತಿದ್ದ. ಅವನ ಮಾತು ಲೆಕ್ಕಕ್ಕಿಲ್ಲ. ಸಾವಿರ ಜನ ಕರಿಯರ ಕಣ್ಣೆದುರು ನನ್ನನ್ನು ಕೊಂದಿದ್ದರೂ ಅವರೆಲ್ಲರ ಮಾತು ಸೇರಿ ಒಬ್ಬನನ್ನು ಬಂಧಿಸಲು ಸಾಲುತ್ತಿರಲಿಲ್ಲ ಅಂತ ಡಗ್ಲಸ್ ಬರೆಯುತ್ತಾನೆ.

ಕೋರ್ಟು ಕೇಳದ ಸಾಕ್ಷಿಯನ್ನು ಅವನು ತಪ್ಪಿಸಿಕೊಂಡು ಬಂದ ಮೇಲೆ 1845ರಲ್ಲಿ ಬಾಸ್ಟನ್‌ನಲ್ಲಿ ಅಚ್ಚು ಹಾಕಿಸಿದ. ಪುಸ್ತಕದ ಮುಖಪುಟದಲ್ಲೇ 'ಸ್ವತಃ ಬರೆದದ್ದು' ಅಂತ ಹಾಕಿದ್ದ. ಓದುವುದು ಬರೆಯುವುದು ಇವರ ತಲೆಗೆ ಹತ್ತುವುದಿಲ್ಲ ಅನ್ನುತ್ತಿದ್ದವರಿಗೆ ಒಳಪುಟ ತೆರೆಯುವ ಮೊದಲೇ ಉತ್ತರ ಸಿಕ್ಕಿತು. ಒಳಗೆ ಹೋದರೆ ಹೆಸರು, ಊರು, ಕೆಲಸ ಎಲ್ಲ ಇದೆ. ಆಸ್ಟಿನ್ ಗೋರ್ ಎಂಬ ಮೇಸ್ತ್ರಿ ಡೆಂಬಿ ಎಂಬ ಗುಲಾಮನಿಗೆ ಚಾಟಿ ಬೀಸಿದ. ಉರಿ ತಡೆಯಲಾರದೆ ಅವನು ಹಳ್ಳಕ್ಕೆ ಹಾರಿ ನೀರಲ್ಲಿ ನಿಂತ. ಮೂರು ಸಲ ಕರೆದರೂ ಮೇಲೆ ಬರಲಿಲ್ಲ. ಗೋರ್ ಬಂದೂಕು ಎತ್ತಿ ಹೊಡೆದ. ಇವನನ್ನು ಬಿಟ್ಟರೆ ಉಳಿದವರೂ ಹೀಗೇ ಮಾಡುತ್ತಾರೆ ಅಂದ. ಆ ತೋಟದ ಯಜಮಾನ ಒಪ್ಪಿದ. ಕೇಸೇ ಇಲ್ಲ. ಇಷ್ಟು ಹೇಳಿ ಡಗ್ಲಸ್ ಗೋರ್‌ನ ವಿಳಾಸವನ್ನೂ ಕೊಡುತ್ತಾನೆ: ಬದುಕಿದ್ದರೆ ಈಗಲೂ ಮೇರಿಲ್ಯಾಂಡಿನ ಟಾಲ್ಬಟ್ ಕೌಂಟಿಯ ಸೇಂಟ್ ಮೈಕಲ್ಸ್‌ನಲ್ಲೇ ಇರಬೇಕು. ಬೇಕಾದವರು ಹೋಗಿ ಕೇಳಲಿ ಅನ್ನುವ ಧಾಟಿ ಅದು.

ಹೆಸರು ಹಾಕಲು ಇನ್ನೊಂದು ಕಾರಣವೂ ಇತ್ತು. 1838ರಲ್ಲಿ ಜೇಮ್ಸ್ ವಿಲಿಯಮ್ಸ್ ಎಂಬವನ ಕಥೆಯನ್ನು ಗುಲಾಮಗಿರಿ ವಿರೋಧಿ ಸಂಘ ಪ್ರಕಟಿಸಿತ್ತು. ಅದರ ವಿವರಗಳು ತಾಳೆಯಾಗುವುದಿಲ್ಲ ಅಂತ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳ ಪತ್ರಿಕೆಯೊಂದು ಎದ್ದು ನಿಂತಿತು. ಸಂಘ ಪುಸ್ತಕವನ್ನು ಮಾರಾಟದಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಒಂದು ವಿವರ ಜಾರಿದರೂ ಎಲ್ಲರ ಬಾಯಿ ಮುಚ್ಚಿಸುವ ಕಾಲ ಅದು.

ಡಗ್ಲಸ್‌ಗೆ ಹೆಸರು ಹಾಕಿದ್ದರ ಫಲ ಬೇಗ ಸಿಕ್ಕಿತು, ಅದೂ ವಿರೋಧಿಯ ಕೈಯಿಂದ. ಇಷ್ಟು ಚೆನ್ನಾಗಿ ಭಾಷಣ ಮಾಡುವವನು ಗುಲಾಮನಾಗಿದ್ದಿರಲಾರ ಅಂತ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳವರೇ ಅನುಮಾನ ಪಡುತ್ತಿದ್ದರು. ಪುಸ್ತಕ ಬಂದ ಮೇಲೆ ಎ.ಸಿ.ಸಿ. ಥಾಮ್ಸನ್ ಎಂಬವನು ಪತ್ರಿಕೆಗೆ ಬರೆದ: ಇದರಲ್ಲಿ ಬರುವವರೆಲ್ಲ ನನಗೆ ಗೊತ್ತು, ಮರ್ಯಾದಸ್ಥರು, ಈ ಹುಡುಗನೂ ಗೊತ್ತು, ಅಕ್ಷರ ಬಾರದ ಸಾಮಾನ್ಯ ಆಸಾಮಿ, ಅವನು ಇದನ್ನು ಬರೆದಿರಲು ಸಾಧ್ಯವೇ ಇಲ್ಲ. ಡಗ್ಲಸ್ ಬಹಿರಂಗವಾಗಿ ಥ್ಯಾಂಕ್ಸ್ ಹೇಳಿದ. ನಾನು ಗುಲಾಮನಾಗಿದ್ದೆ ಅನ್ನುವುದಕ್ಕೆ ಆ ಊರಿನ ಬಿಳಿಯನೇ ಸಾಕ್ಷಿ ಕೊಟ್ಟ ಹಾಗಾಯಿತಲ್ಲ!

ಎದುರು ಪಕ್ಷದ ಮಾತುಗಳನ್ನೂ ಅವನು ಒಂದೊಂದಾಗಿ ಎತ್ತಿಕೊಳ್ಳುತ್ತಾನೆ. ಗುಲಾಮರು ಹಾಡುತ್ತಾರೆ, ಅಂದರೆ ಖುಷಿಯಾಗಿದ್ದಾರೆ ಅನ್ನುವುದು ಆಗ ಜನಪ್ರಿಯ ವಾದ. ತೀರಾ ದುಃಖವಾದಾಗಲೇ ನಾವು ಜಾಸ್ತಿ ಹಾಡುತ್ತಿದ್ದೆವು, ಅಳು ಮಾಡುವ ಕೆಲಸವನ್ನೇ ಹಾಡು ಮಾಡುತ್ತಿತ್ತು ಅನ್ನುತ್ತಾನೆ. ಯಜಮಾನರಲ್ಲಿ ಒಳ್ಳೆಯವರೂ ಇರುತ್ತಾರಲ್ಲ ಅನ್ನುವ ಮಾತಿಗೆ ಅವನ ಉತ್ತರ ಹ್ಯೂ ಆಲ್ಡ್‌ನ ಹೆಂಡತಿ ಸೋಫಿಯಾ. ಆಕೆ ಮದುವೆಗೆ ಮುಂಚೆ ನೇಯ್ಗೆ ಮಾಡಿ ಸ್ವಂತ ದುಡಿಮೆಯಲ್ಲಿ ಬದುಕಿದವಳು, ಗುಲಾಮರನ್ನು ಇಟ್ಟುಕೊಂಡು ಗೊತ್ತೇ ಇಲ್ಲ. ಪ್ರೀತಿಯಿಂದ ಹುಡುಗನಿಗೆ ಅಕ್ಷರ ಕಲಿಸಲು ಶುರು ಮಾಡಿದಳು. ಗಂಡ ತಡೆದ. ಓದು ಕಲಿತ ಗುಲಾಮ ಗುಲಾಮನಾಗಿ ಉಳಿಯುವುದಿಲ್ಲ ಅಂದ. ಆಮೇಲೆ ಹುಡುಗನ ಕೈಯಲ್ಲಿ ಪೇಪರ್ ಕಂಡರೆ ಸಾಕು, ಆಕೆ ಓಡಿಬಂದು ಕಿತ್ತುಕೊಳ್ಳುತ್ತಿದ್ದಳು. ನನ್ನ ಮಟ್ಟಿಗೆ ಇಡೀ ಪುಸ್ತಕದ ಅತಿ ಬಲವಾದ ವಾದ ಇದೇ. ಕೆಟ್ಟವರ ಕಥೆ ಹೇಳಿದ್ದರೆ 'ಎಲ್ಲರೂ ಹಾಗಿರಲ್ಲ' ಅಂತ ಜಾರಿಕೊಳ್ಳಬಹುದಿತ್ತು. ಒಳ್ಳೆಯವಳೇ ಕೆಡುವುದನ್ನು ತೋರಿಸಿದರೆ ಎಲ್ಲಿಗೆ ಜಾರುವುದು?

ಒಂದನ್ನು ಮಾತ್ರ ಅವನು ಹೇಳಲಿಲ್ಲ, ತಪ್ಪಿಸಿಕೊಂಡದ್ದು ಹೇಗೆ ಅಂತ. ಹೇಳಿದರೆ ಹಿಂದೆ ಉಳಿದವರ ದಾರಿ ಮುಚ್ಚುತ್ತದೆ. ನಾವಿಕನ ವೇಷ ಹಾಕಿ, ಬೇರೊಬ್ಬ ನಾವಿಕನ ಕಾಗದಪತ್ರ ಇಟ್ಟುಕೊಂಡು ರೈಲು ಹತ್ತಿದ ಆ ಕಥೆ 1881ರ ಪುಸ್ತಕದಲ್ಲಷ್ಟೇ ಬಂತು. ಅಷ್ಟರಲ್ಲಿ ಗುಲಾಮಗಿರಿ ಹೋಗಿ 16 ವರ್ಷವಾಗಿತ್ತು.

ಗುಲಾಮಳಾಗಿದ್ದು ತಪ್ಪಿಸಿಕೊಂಡು ಬಂದ ಹ್ಯಾರಿಯೆಟ್ ಜೇಕಬ್ಸ್ ಅವರ ದಾರಿ ಬೇರೆ. 1861ರ ಅವರ ಪುಸ್ತಕದಲ್ಲಿ ಎಲ್ಲ ಹೆಸರೂ ಬದಲು, ತಮ್ಮದೂ ಸೇರಿ. ಯಾಕೆಂದರೆ ಅವರು ಹೇಳಬೇಕಾಗಿದ್ದು ಆ ಕಾಲದ ಹೆಂಗಸು ಬಾಯಿಬಿಡದ ವಿಷಯ: ಯಜಮಾನನ ಕಾಮದ ಕಾಟ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಅನ್ನುವುದು ಕಾನೂನು. ಹಾಗಾಗಿ ಗುಲಾಮಳನ್ನು ಕೆಡಿಸಿದ ಯಜಮಾನನಿಗೆ ಶಿಕ್ಷೆ ಇಲ್ಲ, ಮೇಲಿಂದ ಆಸ್ತಿ ಬೆಳೆಯುತ್ತದೆ. ಅವನಿಂದ ತಪ್ಪಿಸಿಕೊಳ್ಳಲು ಜೇಕಬ್ಸ್ ಇನ್ನೊಬ್ಬ ಬಿಳಿಯನ ಸಂಬಂಧ ಮಾಡಿ ಎರಡು ಮಕ್ಕಳನ್ನು ಹೆತ್ತಿದ್ದರು. ಅದನ್ನು ಮುಚ್ಚಿಡದೆ ಹೇಳಿ, ನಿಮ್ಮ ಮನೆ ಹೆಣ್ಣುಮಕ್ಕಳನ್ನು ಅಳೆಯುವ ಕೋಲಿನಿಂದ ನನ್ನನ್ನು ಅಳೆಯಬೇಡಿ ಅಂತ ಉತ್ತರದ ಹೆಂಗಸರಿಗೆ ನೇರವಾಗಿ ಹೇಳಿದರು. ಆಯ್ಕೆಯೇ ಇಲ್ಲದ ಕಡೆ ಶೀಲದ ಮಾತೆಲ್ಲಿ ಬಂತು ಅನ್ನುವುದು ಅವರ ತರ್ಕ.

ಅವರು ಓಡಿಹೋದಾಗ ಯಜಮಾನ ಜೇಮ್ಸ್ ನಾರ್ಕಮ್ 1835ರಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟ. ಹಿಡಿದುಕೊಟ್ಟವರಿಗೆ 100 ಡಾಲರ್. ಯಾವ ಕಾರಣವೂ ಇಲ್ಲದೆ ಓಡಿಹೋಗಿದ್ದಾಳೆ ಅಂತ ಅದರಲ್ಲಿತ್ತು! ಆಕೆ ಅದೇ ಊರಲ್ಲಿ ಅಜ್ಜಿ ಮನೆಯ ಅಟ್ಟದ ಮೇಲೆ ಅಡಗಿದ್ದರು. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಅಬ್ಬಬ್ಬಾ ಅಂದರೆ 3 ಅಡಿ. ಅಲ್ಲಿ ಸುಮಾರು ಏಳು ವರ್ಷ ಕಳೆದರು. ಕೊರೆದ ತೂತಿನಿಂದ ಕೆಳಗೆ ಆಡುವ ಮಕ್ಕಳನ್ನು ನೋಡುತ್ತಿದ್ದರು.

ಹೆಸರು ಮರೆಸಿದ್ದಕ್ಕೆ ಜೇಕಬ್ಸ್ ತೆತ್ತ ಬೆಲೆ ದೊಡ್ಡದು. ಅದು ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಬರೆದ ಕಾದಂಬರಿ ಇರಬೇಕು ಅಂತಲೇ ಬಹಳ ಜನ ವಿದ್ವಾಂಸರು ನಂಬಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ ಹಳೆಯ ಪತ್ರಗಳನ್ನು ಹುಡುಕಿ ತೆಗೆದು, ಬರೆದದ್ದು ಜೇಕಬ್ಸ್ ಅವರೇ, ನಡೆದದ್ದೂ ನಿಜ ಅಂತ ತೋರಿಸಿದ್ದು 1980ರ ದಶಕದಲ್ಲಿ.

ಓದುವ ಮನಸ್ಸಿದ್ದರೆ ಡಗ್ಲಸ್‌ನ 1845ರ ಪುಸ್ತಕದಿಂದ ಶುರು ಮಾಡಿ. ಚಿಕ್ಕದು, ಇಂಗ್ಲಿಷ್ ಮೂಲ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕೊನೆಯ ಅನುಬಂಧವನ್ನು ಬಿಡಬೇಡಿ. ಚರ್ಚಿಗೆ ತಪ್ಪದೆ ಹೋಗುವ ಯಜಮಾನರ ಬಗ್ಗೆ ಅವನ ಸಿಟ್ಟೆಲ್ಲ ಇರುವುದು ಅಲ್ಲೇ.